ಇಂಗ್ಲಿಷಿನ ಷರತ್ತುವಾಕ್ಯ: ವ್ಯಾಕರಣದ ನಿಯಮ ಮತ್ತು ಗಾದೆಯ ಸಾಕ್ಷ್ಯ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ವಿದ್ಯಾರ್ಥಿಗೆ ‘ಇಫ್’ ಎಂಬ ಪುಟ್ಟ ಪದ ಬಹು ಬೇಗ ಪರಿಚಯವಾಗುತ್ತದೆ. ಆದರೆ ಆ ಪದ ಕಟ್ಟಿಕೊಡುವ ವಾಕ್ಯ ಮಾತ್ರ ಬಹುಕಾಲ ಅವನ ವಶಕ್ಕೆ ಬರುವುದಿಲ್ಲ. ಶಾಲೆಯ ವ್ಯಾಕರಣ ಪುಸ್ತಕ ಅವನ ಮುಂದೆ ಒಂದು ಕೋಷ್ಟಕವನ್ನು ಇಡುತ್ತದೆ. ‘ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ’ ಎಂಬುದು ಮೊದಲನೆಯ ಬಗೆ. ‘ಇಫ್ ಐ ವರ್ ಎ ಬರ್ಡ್, ಐ ವುಡ್ ಫ್ಲೈ’ ಎಂಬುದು ಎರಡನೆಯದು. ‘ಇಫ್ ಯು ಹ್ಯಾಡ್ ಕಮ್, ಐ ವುಡ್ ಹ್ಯಾವ್ ಗಾನ್’ ಎಂಬುದು ಮೂರನೆಯದು. ‘ಇಫ್’ ಇರುವ ಭಾಗದಲ್ಲಿ ‘ವಿಲ್’, ‘ವುಡ್’ ಬರಕೂಡದು. ‘ಐ ವಾಸ್’ ಎನ್ನದೆ ‘ಐ ವರ್’ ಎನ್ನಬೇಕು. ಈ ನಿಯಮಗಳು ಭಾಷೆಯೊಂದಿಗೇ ಹುಟ್ಟಿದವು ಎಂಬಂತೆ ಬೋಧಿಸಲ್ಪಡುತ್ತವೆ. ತಪ್ಪಿದವನ ಅಂಕ ಕಳೆಯಲಾಗುತ್ತದೆ. ವಾಸ್ತವದಲ್ಲಿ ಷರತ್ತುವಾಕ್ಯ ಇಂಗ್ಲಿಷಿನಲ್ಲಿ ಸಾವಿರದ ನಾನೂರು ವರ್ಷಗಳಷ್ಟು ಹಳೆಯದು. ಕೋಷ್ಟಕದ ವಯಸ್ಸು ಅದರ ಮುಂದೆ ತೀರ ಸಣ್ಣದು. ಈ ಎರಡರ ನಡುವಿನ ಅಂತರವನ್ನು ಗುರುತಿಸುವುದಕ್ಕೆ ವ್ಯಾಕರಣ ಗ್ರಂಥಗಳಿಗಿಂತ ಜನಪದರ ಗಾದೆಗಳೇ ಹೆಚ್ಚು ನಂಬಲರ್ಹ ಸಾಕ್ಷ್ಯ ಒದಗಿಸುತ್ತವೆ ಎಂಬುದು ಈ ಲೇಖನದ ಪ್ರತಿಪಾದನೆ.

ಇಂಗ್ಲಿಷಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಶಾಸನಸಂಹಿತೆ ಕೆಂಟ್ ಪ್ರಾಂತದ ದೊರೆ ಏಥೆಲ್ಬರ್ಟನದು. ಕ್ರಿ.ಶ. 600ರ ಸುಮಾರಿನಲ್ಲಿ ರೂಪುಗೊಂಡ ಈ ಸಂಹಿತೆ ಇಂದು ದೊರೆಯುವುದು ಹನ್ನೆರಡನೆಯ ಶತಮಾನದ ಆರಂಭದಲ್ಲಿ ಸಿದ್ಧವಾದ ‘ಟೆಕ್ಸ್ಟಸ್ ರಾಫೆನ್ಸಿಸ್’ ಎಂಬ ಹಸ್ತಪ್ರತಿಯಲ್ಲಿ. ಇದರ ಬಹುಪಾಲು ವಿಧಿಗಳು ಪ್ರಾರಂಭವಾಗುವುದೇ ‘ಗಿಫ್’ ಎಂಬ ಪದದಿಂದ. ಇಂದಿನ ‘ಇಫ್’ನ ಪೂರ್ವರೂಪವೇ ಅದು, ಬರಹದಲ್ಲಿ ‘ಗ’ಕಾರವಿದ್ದರೂ ಉಚ್ಚಾರಣೆ ‘ಯಿಫ್’ ಎಂಬುದಕ್ಕೆ ಸಮೀಪವಾಗಿತ್ತು. ಒಬ್ಬನ ಕಿವಿ ಕತ್ತರಿಸಿಹೋದರೆ 12 ಶಿಲಿಂಗ್ ದಂಡ, ಹೆಬ್ಬೆರಳು ಹೋದರೆ 20 ಶಿಲಿಂಗ್. ಹೀಗೆ ದೇಹದ ಒಂದೊಂದು ಅಂಗಕ್ಕೂ ಬೆಲೆ ಕಟ್ಟುತ್ತ ಪಟ್ಟಿ ಸಾಗುತ್ತದೆ. ಓದುಬರಹ ಬಲ್ಲವರು ವಿರಳವಾಗಿದ್ದ ಸಮಾಜದಲ್ಲಿ ಇಂತಹ ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಒಂದೇ ಅಚ್ಚಿನ ಷರತ್ತುವಾಕ್ಯ ಎಷ್ಟು ಅನುಕೂಲ ಎಂಬುದನ್ನು ಮೌಖಿಕ ಪರಂಪರೆಯ ಅಭ್ಯಾಸಿಗಳಿಗೆ ವಿವರಿಸಬೇಕಾಗಿಲ್ಲ.

ಈ ವಿಧಿಗಳ ಕ್ರಿಯಾಪದಗಳು ಕುತೂಹಲಕರವಾಗಿವೆ. ಕಿವಿ, ಹೆಬ್ಬೆರಳುಗಳ ವಿಧಿಗಳಲ್ಲಿ ‘ಗಿಫ್’ ಇರುವ ಭಾಗದ ಕ್ರಿಯಾಪದ ಸಾಮಾನ್ಯ ನಿರ್ದೇಶಕ ರೂಪದಲ್ಲಿಯೇ ಇದೆ. ಸಂದೇಹ, ಆಶಯ, ಆಜ್ಞೆಗಳನ್ನು ಸೂಚಿಸುವ ಸಂಭಾವನಾರೂಪ ಕಾಣಿಸಿಕೊಳ್ಳುವುದು ವಾಕ್ಯದ ಇನ್ನೊಂದು ಭಾಗದಲ್ಲಿ, ‘ದಂಡ ತೆರಲಿ’ ಎಂಬಲ್ಲಿ. ಕಿವಿ ಕತ್ತರಿಸಿಹೋಗುವುದು ಆ ಸಮಾಜದಲ್ಲಿ ಕಲ್ಪನೆಯ ಸಂಗತಿಯಾಗಿರಲಿಲ್ಲ. ಆದ್ದರಿಂದ ಅದಕ್ಕೆ ವಿಶೇಷ ರೂಪ ಬೇಕಾಗಲಿಲ್ಲ. ‘ಇಫ್’ ಬಂದೊಡನೆ ಸಂಭಾವನಾರೂಪ ಬರಬೇಕೆಂಬ ಭಾವನೆಗೆ ಹಳೆಯ ಇಂಗ್ಲಿಷಿನ ಆಧಾರವಿಲ್ಲವೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಎರಡೂ ರೂಪಗಳು ಬಳಕೆಯಲ್ಲಿದ್ದವು. ಮಾತಿನ ಅಗತ್ಯ ಆಯ್ಕೆಯನ್ನು ನಿರ್ಧರಿಸುತ್ತಿತ್ತು.

ಇಲ್ಲಿ ‘ಇಫ್’ ಪದದ ವ್ಯುತ್ಪತ್ತಿಯ ಬಗೆಗೆ ನಡೆದ ಒಂದು ಸ್ವಾರಸ್ಯಕರ ಚರ್ಚೆಯನ್ನು ಉಲ್ಲೇಖಿಸಬಹುದು. ಜಾನ್ ಹಾರ್ನ್ ಟೂಕ್ ಹದಿನೆಂಟನೆಯ ಶತಮಾನದ ಒಬ್ಬ ರಾಜಕೀಯ ಬಂಡುಕೋರ. ರಾಜದ್ರೋಹದ ಬರಹಕ್ಕಾಗಿ ಸೆರೆಮನೆ ಕಂಡವನು. ತನ್ನ ಮೊಕದ್ದಮೆಯಲ್ಲಿ ‘ದಟ್’ ಎಂಬ ಅವ್ಯಯದ ಅರ್ಥದ ಮೇಲೆ ವಾದ ನಡೆದದ್ದರಿಂದ ಆತ ವ್ಯಾಕರಣದತ್ತ ತಿರುಗಿದ. 1786ರಲ್ಲಿ ಮೊದಲ ಸಂಪುಟ ಪ್ರಕಟವಾದ ‘ದಿ ಡೈವರ್ಷನ್ಸ್ ಆಫ್ ಪರ್ಲಿ’ ಗ್ರಂಥದಲ್ಲಿ ಆತ ‘ಇಫ್’ ಎಂಬುದು ‘ಗಿವ್’ ಧಾತುವಿನ ವಿಧಿರೂಪ ಎಂದು ವಾದಿಸಿದ. ‘ಮಳೆ ಬಂದರೆ’ ಎಂಬುದರ ಮೂಲ ಅರ್ಥ ‘ಮಳೆ ಬಂತೆಂಬುದನ್ನು ಕೊಡು’ ಎಂದಾಯಿತು. ಕೇಳಲು ಸೊಗಸಾಗಿರುವ ಈ ನಿರುಕ್ತಿ ಕೆಲಕಾಲ ವಿದ್ವಾಂಸರನ್ನೂ ಮರುಳು ಮಾಡಿತು. ಹತ್ತೊಂಬತ್ತನೆಯ ಶತಮಾನದ ತೌಲನಿಕ ಭಾಷಾಶಾಸ್ತ್ರ ಹಳೆಯ ನಾರ್ಸ್ ಭಾಷೆಯ ‘ಎಫ್’, ಪ್ರಾಚೀನ ಜರ್ಮನ್ನಿನ ‘ಇಬು’ ಮೊದಲಾದ ಸೋದರರೂಪಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ‘ಗಿವ್’ನ ನಂಟು ಕಳಚಿಬಿತ್ತು. ಜಾನಪದ ನಿರುಕ್ತಿ ಹಳ್ಳಿಗರಲ್ಲಿ ಮಾತ್ರ ಹುಟ್ಟುತ್ತದೆ ಎಂದು ತಿಳಿದವರಿಗೆ ಟೂಕನ ಗ್ರಂಥ ಒಳ್ಳೆಯ ಮದ್ದು.

ಷರತ್ತಿಗೆ ಇಂಗ್ಲಿಷ್ ಜನ ‘ಇಫ್’ ಒಂದನ್ನೇ ನೆಚ್ಚಿಕೊಂಡಿರಲಿಲ್ಲ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ‘ಮತ್ತು’ ಎಂಬ ಅರ್ಥದ ‘ಆಂಡ್’ ಪದವೇ ‘ಆದರೆ, ಪಕ್ಷದಲ್ಲಿ’ ಎಂಬ ಅರ್ಥದಲ್ಲಿಯೂ ಬಳಕೆಯಾಗುತ್ತಿತ್ತು. ಅದರ ಸವೆದ ರೂಪ ‘ಆ್ಯನ್’ ಷೇಕ್ಸ್‌ಪಿಯರನ ನಾಟಕಗಳಲ್ಲಿ ಹೇರಳವಾಗಿದೆ. ಸ್ಕಾಟ್ಲೆಂಡಿನಲ್ಲಿ ‘ಗಿನ್’ ಎಂಬ ಪದವಿತ್ತು. ಈ ಪದಗಳ ಏರಿಳಿತವನ್ನು ಒಂದೇ ಗಾದೆಯ ಪಾಠಾಂತರಗಳಲ್ಲಿ ಹಿಂಬಾಲಿಸಬಹುದಾಗಿದೆ. ಬಯಕೆಗಳೇ ಕುದುರೆಗಳಾಗಿದ್ದರೆ ತಿರುಕರೂ ಸವಾರಿ ಮಾಡುತ್ತಿದ್ದರು ಎಂಬ ತಾತ್ಪರ್ಯದ ಗಾದೆ ಅದು. ಇಂದಿಗೂ ಇಂಗ್ಲಿಷ್ ಬಲ್ಲವರ ನಾಲಗೆಯ ಮೇಲಿದೆ.

ಸ್ಕಾಟ್ಲೆಂಡಿನ ಜೇಮ್ಸ್ ಕಾರ್ಮೈಕೇಲ್ ಸಂಗ್ರಹಿಸಿದ, 1628ರ ಸುಮಾರಿನದೆಂದು ಗುರುತಿಸಲಾಗುವ ಸ್ಕಾಟ್ಸ್ ಗಾದೆಗಳ ಹಸ್ತಪ್ರತಿಯಲ್ಲಿ ಈ ಗಾದೆ ‘ಆಂಡ್’ ಎಂಬ ಪದದಿಂದ ಮೊದಲಾಗುತ್ತದೆ. ಮೊದಲ ಭಾಗದಲ್ಲಿ ‘ವರ್’, ಎರಡನೆಯ ಭಾಗದಲ್ಲಿ ‘ವುಡ್’ನ ಸ್ಕಾಟ್ಸ್ ರೂಪವಿದೆ; ಸವಾರಿ ಮಾಡುವವರು ಬಡವರು, ತಿರುಕರಲ್ಲ. 1670ರಲ್ಲಿ ಸಸ್ಯವಿಜ್ಞಾನಿ ಜಾನ್ ರೇ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಸಂಕಲನದಲ್ಲಿ ‘ಆಂಡ್’ ಹೋಗಿ ‘ಇಫ್’ ಬಂದಿದೆ, ಬಡವರು ತಿರುಕರಾಗಿದ್ದಾರೆ. ಕುದುರೆಯೇ ಮಾಯವಾಗಿದೆ! ಬಯಕೆಗಳು ‘ನಿಲ್ಲುವಂತಿದ್ದರೆ’ ಎಂದು ಅದರ ಮೊದಲ ಭಾಗ. ‘ನಿಲ್ಲು’ ಎಂಬರ್ಥದ ‘ಬೈಡ್’ ಪದ ‘ರೈಡ್’ಗೆ ಪ್ರಾಸವಾಗಿ ಬಂದಿದೆ. 1721ರಲ್ಲಿ ಜೇಮ್ಸ್ ಕೆಲ್ಲಿ ಪ್ರಕಟಿಸಿದ ಸ್ಕಾಟಿಷ್ ಗಾದೆಗಳ ಸಂಗ್ರಹದಲ್ಲಿ ಕುದುರೆ ಮತ್ತೆ ಮರಳಿದೆ. ‘ಇಫ್’, ‘ವರ್’, ‘ವುಡ್’ ಮೂರೂ ಇಂದಿನ ಸ್ಥಾನಗಳಲ್ಲಿ ನಿಂತಿವೆ.

ಇವುಗಳಲ್ಲಿ ರೇಯ ಪಾಠ ವಿಶೇಷ ಗಮನಕ್ಕೆ ಅರ್ಹವಾದುದು. ಅದರ ಎರಡೂ ಭಾಗಗಳಲ್ಲಿ ‘ವುಡ್’ ಇದೆ. ಶಾಲೆಯ ಕೋಷ್ಟಕದ ಪ್ರಕಾರ ಇದು ಕೆಂಪು ಶಾಯಿಯ ಗೆರೆಗೆ ತಕ್ಕ ತಪ್ಪು. ಆದರೆ ‘ವಿಲ್’ ಧಾತುವಿನ ಮೂಲಾರ್ಥ ಭವಿಷ್ಯತ್ತಲ್ಲ, ಬಯಸುವುದು, ಒಪ್ಪುವುದು. ಬಯಕೆಗಳು ನಿಲ್ಲಲು ಒಪ್ಪಿದ್ದರೆ ಎಂಬ ಅರ್ಥದಲ್ಲಿ ಆ ‘ವುಡ್’ ಸಂಪೂರ್ಣ ಸಾಧು. ಇಂದಿಗೂ ‘ನೀವು ಒಂದು ಕ್ಷಣ ಕಾಯುವುದಾದರೆ’ ಎಂದು ವಿನಯದಿಂದ ಕೇಳುವಾಗ ‘ಇಫ್ ಯು ವಿಲ್ ವೇಟ್’, ‘ಇಫ್ ಯು ವುಡ್ ವೇಟ್’ ಎನ್ನುವುದು ಶಿಷ್ಟ ಬಳಕೆ. ‘ಇಫ್’ನ ಬಳಿ ‘ವುಡ್’ ಸಲ್ಲದೆಂಬ ನಿಯಮವನ್ನು ಕಣ್ಣುಮುಚ್ಚಿ ಒಪ್ಪುವ ವಿದ್ಯಾರ್ಥಿ ಈ ವಿನಯದ ಮಾತನ್ನೂ ತಪ್ಪೆಂದು ತಿಳಿಯುತ್ತಾನೆ. ಅಪೂರ್ಣ ನಿಯಮ ಮಾಡುವ ಹಾನಿ ಇದು.

ಕಳೆದುಹೋದ ‘ಆಂಡ್’ ಸಂಪೂರ್ಣವಾಗಿ ಅಳಿಯಲಿಲ್ಲ. ‘ಇಫ್’ಗಳೂ ‘ಆಂಡ್’ಗಳೂ ಪಾತ್ರೆಪಗಡಗಳಾಗಿದ್ದರೆ ಕಲಾಯಿಗಾರನಿಗೆ ಕೆಲಸವೇ ಇರುತ್ತಿರಲಿಲ್ಲ ಎಂಬರ್ಥದ ಒಂದು ಪ್ರಾಸದ ಮಾತು ಇಂಗ್ಲಿಷ್ ಶಿಶುಪ್ರಾಸಗಳ ನಡುವೆ ಉಳಿದುಬಂದಿದೆ. ಅಲ್ಲಿನ ‘ಆಂಡ್’ ಎಂದರೆ ‘ಮತ್ತು’ ಅಲ್ಲ, ಹಳೆಯ ಷರತ್ತಿನ ಅವ್ಯಯ. ಹೇಳುವವರಿಗೆ ಅದರ ಅರಿವಿರಬೇಕಾಗಿಲ್ಲ. ಅರ್ಥ ಮರೆತ ಮೇಲೆಯೂ ಪದವನ್ನು ಪ್ರಾಸ ಕಾಯ್ದುಕೊಂಡಿದೆ.

ಇನ್ನು ‘ವರ್’ನ ಪ್ರಶ್ನೆ. ಹಳೆಯ ಇಂಗ್ಲಿಷಿನಲ್ಲಿ ಬಹುತೇಕ ಕ್ರಿಯಾಪದಗಳಿಗೆ ನಿರ್ದೇಶಕ ಭೂತರೂಪವೂ ಸಂಭಾವನಾ ಭೂತರೂಪವೂ ಬೇರೆಬೇರೆಯಾಗಿದ್ದವು. ಮಧ್ಯಯುಗದ ಕೊನೆಯ ಹೊತ್ತಿಗೆ ಪದಾಂತ್ಯದ ಸ್ವರಗಳು ಸವೆದುಹೋಗಿ ಈ ಭೇದ ಅಳಿಸಿತು. ‘ಇಫ್ ಐ ನ್ಯೂ’ ಎಂಬಲ್ಲಿ ‘ನ್ಯೂ’ ಯಾವ ರೂಪವೆಂದು ಇಂದು ಯಾರೂ ಹೇಳಲಾರರು. ‘ಇರು’ ಎಂಬರ್ಥದ ಧಾತುವಿನಲ್ಲಿ ಮಾತ್ರ ‘ವಾಸ್’ ಮತ್ತು ‘ವರ್’ ಎಂಬ ಭೇದ ಉಳಿಯಿತು. ಹೀಗಾಗಿ ‘ಇಫ್ ಐ ವರ್’ ಎಂಬುದು ಒಂದು ಇಡೀ ವ್ಯವಸ್ಥೆ ಕುಸಿದ ಮೇಲೆ ನಿಂತಿರುವ ಒಂಟಿ ಕಂಬ. ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ‘ಇಫ್ ಐ ವಾಸ್’ ಎಂಬ ಬಳಕೆ ಹೆಚ್ಚುತ್ತ ಬಂದುದು ಜನರ ಅಜ್ಞಾನದಿಂದಲ್ಲ. ಉಳಿದೆಲ್ಲ ಕ್ರಿಯಾಪದಗಳು ಹಿಡಿದ ದಾರಿಯನ್ನು ಇದೂ ಹಿಡಿಯಿತು, ಅಷ್ಟೆ.

ಇಂಗ್ಲಿಷ್ ವ್ಯಾಕರಣಕಾರರು ರಂಗಕ್ಕೆ ಬರುವುದು ಈ ಬದಲಾವಣೆಯ ನಡುವೆ. 1586ರಲ್ಲಿ ವಿಲಿಯಂ ಬುಲ್ಲೊಕರ್ ಬರೆದ ಮೊದಲ ಇಂಗ್ಲಿಷ್ ವ್ಯಾಕರಣ ಲ್ಯಾಟಿನ್ನಿನ ಚೌಕಟ್ಟಿನಲ್ಲಿಯೇ ಇತ್ತು. ಹದಿನೆಂಟನೆಯ ಶತಮಾನದಲ್ಲಿ ಎರಡು ದೃಷ್ಟಿಗಳು ಎದುರುಬದುರಾದವು. ಆಮ್ಲಜನಕದ ಸಂಶೋಧನೆಗಾಗಿ ಹೆಸರಾದ ಜೋಸೆಫ್ ಪ್ರೀಸ್ಟ್ಲಿ 1761ರ ತನ್ನ ವ್ಯಾಕರಣದಲ್ಲಿ ಬಳಕೆಗೆ ಮನ್ನಣೆ ಕೊಟ್ಟ. ಮರುವರ್ಷ ಪ್ರಕಟವಾದ ರಾಬರ್ಟ್ ಲೌತನ ವ್ಯಾಕರಣ ಪ್ರಸಿದ್ಧ ಲೇಖಕರ ವಾಕ್ಯಗಳನ್ನೇ ತಪ್ಪಿನ ಉದಾಹರಣೆಗಳಾಗಿ ಅಡಿಟಿಪ್ಪಣಿಯಲ್ಲಿ ನಿಲ್ಲಿಸಿತು. ಗೆದ್ದದ್ದು ಲೌತನ ದಾರಿ. ಅಮೆರಿಕದಿಂದ ಬಂದು ಯಾರ್ಕ್ ನಗರದ ಬಳಿ ನೆಲೆಸಿದ್ದ ಲಿಂಡ್ಲಿ ಮರ್ರೆ ಅಲ್ಲಿನ ಒಂದು ಬಾಲಕಿಯರ ಶಾಲೆಗಾಗಿ 1795ರಲ್ಲಿ ಬರೆದ ಪಠ್ಯ ಲೌತನನ್ನು ಧಾರಾಳವಾಗಿ ಬಳಸಿಕೊಂಡು, ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಸಂಖ್ಯ ಮುದ್ರಣಗಳನ್ನು ಕಂಡಿತು. ಸಂಶಯದ ಪ್ರಸಂಗದಲ್ಲಿ ಸಂಭಾವನಾರೂಪ ಎಂಬ ಸೂತ್ರ ಶಾಲೆಯ ಮಕ್ಕಳ ಬಾಯಿಪಾಠವಾದುದು ಇಂತಹ ಪುಸ್ತಕಗಳಿಂದ. ಮಾತಿನಲ್ಲಿ ಆ ರೂಪ ಸಾಯುತ್ತಿದ್ದ ಕಾಲದಲ್ಲಿಯೇ ಪುಸ್ತಕದಲ್ಲಿ ಅದಕ್ಕೆ ಅಧಿಕಾರ ದೊರೆತದ್ದು ವಿಪರ್ಯಾಸ.

ಇಪ್ಪತ್ತನೆಯ ಶತಮಾನದಲ್ಲಿ ಈ ಅಧಿಕಾರ ಸಡಿಲಗೊಂಡಿತು. 1926ರಲ್ಲಿ ಫೌಲರ್ ತನ್ನ ಬಳಕೆಯ ಕೋಶದಲ್ಲಿ, ಕೆಲವು ನಿರ್ದಿಷ್ಟ ಪ್ರಯೋಗಗಳನ್ನು ಬಿಟ್ಟರೆ ಸಂಭಾವನಾರೂಪ ಅವಸಾನದಲ್ಲಿದೆ ಎಂದು ತೀರ್ಮಾನಿಸಿದ. ಇದಕ್ಕಿಂತ ಮಹತ್ವದ ಮಾತನ್ನು ಆಡಿದವನು ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್. ಅವನ ಬೃಹತ್ ಇಂಗ್ಲಿಷ್ ವ್ಯಾಕರಣದ 1931ರ ಸಂಪುಟದಲ್ಲಿ ಕಾಲರೂಪಗಳ ‘ಕಾಲ್ಪನಿಕ ಪ್ರಯೋಗ’ವನ್ನು ಕುರಿತೇ ಒಂದು ಅಧ್ಯಾಯವಿದೆ. ‘ಇಫ್ ಐ ಹ್ಯಾಡ್ ಮನಿ’ ಎಂಬಲ್ಲಿ ‘ಹ್ಯಾಡ್’ ನಿನ್ನೆಯನ್ನು ಸೂಚಿಸುವುದಿಲ್ಲ, ಕೈಯಲ್ಲಿ ಹಣವಿಲ್ಲವೆಂಬುದನ್ನು ಸೂಚಿಸುತ್ತದೆ. ಭೂತರೂಪ ಇಲ್ಲಿ ಕಾಲದಲ್ಲಿ ದೂರ ಸರಿಯದೆ ವಾಸ್ತವದಿಂದ ದೂರ ಸರಿಯುತ್ತದೆ. 1985ರಲ್ಲಿ ಕ್ವರ್ಕ್ ಮತ್ತು ಸಂಗಡಿಗರು ಷರತ್ತುಗಳನ್ನು ಮುಕ್ತ ಮತ್ತು ಕಾಲ್ಪನಿಕ ಎಂದು ಎರಡಾಗಿ ವಿಂಗಡಿಸಿದರು. 2002ರ ಹಡಲ್‌ಸ್ಟನ್–ಪುಲ್ಲಂ ವ್ಯಾಕರಣ ಮುಕ್ತ ಮತ್ತು ದೂರದ ಷರತ್ತು ಎಂದು ಕರೆಯಿತು. ಮೂರು ಬಗೆಗಳಿಲ್ಲ, ಇರುವುದು ಒಂದು ಪ್ರಶ್ನೆ. ಹೇಳುವವನು ಆ ಸಂಗತಿಯನ್ನು ಹತ್ತಿರದ್ದೆಂದು ಕಾಣುತ್ತಾನೆಯೇ, ದೂರದ್ದೆಂದೇ?

ಮೂರು ಬಗೆಗಳ ಎಣಿಕೆಯನ್ನು ಬಳಕೆಗೆ ತಂದವು ಪರಭಾಷಿಕರಿಗಾಗಿ ಬರೆದ ಬೋಧನಾ ವ್ಯಾಕರಣಗಳು. 1960ರಲ್ಲಿ ಹೊರಬಂದ ಥಾಮ್ಸನ್ ಮತ್ತು ಮಾರ್ಟಿನೆಟ್ ಅವರ ಪುಸ್ತಕ ಅವುಗಳಲ್ಲಿ ಬಹಳ ಪ್ರಚಾರ ಪಡೆದುದು. ನಿತ್ಯಸತ್ಯಗಳಿಗೆ ಮೀಸಲಾದ ‘ಸೊನ್ನೆಯ ಬಗೆ’ಯೂ ಈ ಎಣಿಕೆಗೆ ಸೇರಿಕೊಂಡಿತು. ಭಾರತದಲ್ಲಿ 1930ರ ದಶಕದಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಮೊದಲಿಗೆ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಸಿದ್ಧವಾದುದೆಂದು ಪ್ರತೀತಿ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೆ ನೆನಪಿನೋಲೆಯಾದ ನಿಯಮ, ಆ ಭಾಷೆಯನ್ನು ಪುಸ್ತಕದಲ್ಲಿಯೇ ಮೊದಲು ಕಾಣುವ ಕನ್ನಡದ ಮಗುವಿಗೆ ಭಾಷೆಯೇ ಆಗಿಬಿಡುತ್ತದೆ.

ಕನ್ನಡದ ವಿದ್ಯಾರ್ಥಿ ಷರತ್ತುವಾಕ್ಯದಲ್ಲಿ ಎಡವಿದಾಗ ಅದನ್ನು ಮಾತೃಭಾಷೆಯ ಪ್ರಭಾವ ಎಂದು ತಳ್ಳಿಹಾಕುವುದು ವಾಡಿಕೆ. ಈ ವಾಡಿಕೆಯನ್ನು ಪರೀಕ್ಷಿಸುವುದು ಅಗತ್ಯ. ಹಳಗನ್ನಡದ ‘ಬಂದೊಡೆ’, ನಡುಗನ್ನಡದ ‘ಬಂದಡೆ’, ಹೊಸಗನ್ನಡದ ‘ಬಂದರೆ’ ಒಂದೇ ಪಕ್ಷಾರ್ಥಕ ರೂಪದ ಮೂರು ಹಂತಗಳು. ಕನ್ನಡದ ಮೂರು ಅವಸ್ಥೆಗಳನ್ನು ಒಟ್ಟಿಗೆ ವಿವೇಚಿಸುವ ಕಿಟೆಲರ 1903ರ ವ್ಯಾಕರಣವನ್ನು ಹಿಡಿದು ನೋಡಿದರೆ ಈ ಮುಂದುವರಿಕೆ ಎದ್ದು ಕಾಣುತ್ತದೆ. ಮೂರರಲ್ಲಿಯೂ ಪ್ರತ್ಯಯ ಹತ್ತುವುದು ಧಾತುವಿನ ಭೂತರೂಪಕ್ಕೆ. ‘ನಾಳೆ ಬಂದರೆ’ ಎನ್ನುವ ಕನ್ನಡಿಗ ನಾಳೆಯ ಪಕ್ಕದಲ್ಲಿ ಭೂತರೂಪವನ್ನು ಇಟ್ಟು ಯಾವ ಗೊಂದಲಕ್ಕೂ ಒಳಗಾಗುವುದಿಲ್ಲ. ಹೀಗಿರುವಾಗ ‘ಇಫ್ ಹಿ ವಿಲ್ ಕಮ್’ ಎಂಬ ತಪ್ಪನ್ನು ಕನ್ನಡದ ತಲೆಗೆ ಕಟ್ಟುವುದು ಹೇಗೆ? ಕನ್ನಡದಲ್ಲಿ ಆ ಸ್ಥಾನಕ್ಕೆ ಭವಿಷ್ಯದ್ರೂಪ ಬರುವುದೇ ಇಲ್ಲ. ನಾಳೆಯ ಮಾತಿಗೆ ‘ವಿಲ್’ ಎಂದು ಇಂಗ್ಲಿಷ್ ಪಾಠವೇ ಕಲಿಸಿದ್ದನ್ನು ವಿದ್ಯಾರ್ಥಿ ನಿಷ್ಠೆಯಿಂದ ಪಾಲಿಸಿರುತ್ತಾನೆ. ‘ಇಫ್ ಐ ವುಡ್ ಹ್ಯಾವ್ ನೋನ್’ ಎಂಬ ರೂಪವಂತೂ ಇಂಗ್ಲಿಷೇ ಮನೆಮಾತಾದ ಅಮೆರಿಕದಲ್ಲಿಯೂ ದಿನಬಳಕೆಯ ಮಾತಿನಲ್ಲಿದೆ.

ನಿಜವಾದ ತೊಡಕು ಬೇರೆಡೆ ಇದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬುದು ರೈತರ ಗಾದೆ. ಮೇ ತಿಂಗಳ ಆರಂಭದ ಆ ಮಳೆ ಬರಬಹುದು, ಬಾರದಿರಬಹುದು. ‘ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು’ ಎಂಬುದು ಅಸಂಭವವನ್ನು ಗೇಲಿಮಾಡುವ ಗಾದೆ. ಎರಡರಲ್ಲಿಯೂ ಇರುವುದು ‘ಬಂದರೆ’ ಎಂಬ ಒಂದೇ ರೂಪ. ಮಳೆ ಯಾವುದು, ಮೀಸೆ ಯಾವುದು ಎಂಬ ವಿವೇಕವನ್ನು ಕನ್ನಡ ಕೇಳುಗನ ಲೋಕಜ್ಞಾನಕ್ಕೆ ಬಿಟ್ಟಿದೆ. ಇಂಗ್ಲಿಷ್ ಅದನ್ನು ಕೇಳುಗನಿಗೆ ಬಿಡದು. ಮಳೆಗೆ ‘ಕಮ್ಸ್’, ಮೀಸೆಗೆ ‘ಹ್ಯಾಡ್’ ಎಂದು ಕ್ರಿಯಾಪದದಲ್ಲಿಯೇ ಗುರುತು ಹಾಕುತ್ತದೆ. ಕೋಷ್ಟಕದ ಮೊದಲನೆಯ ಮತ್ತು ಎರಡನೆಯ ಬಗೆಗಳು ಕನ್ನಡದ ವಿದ್ಯಾರ್ಥಿಗೆ ಒಂದಾಗಿ ಕಾಣುವುದು ಈ ಕಾರಣದಿಂದ.

ವಾಕ್ಯದ ಎರಡನೆಯ ಭಾಗದಲ್ಲಿ ಮಾತ್ರ ಎರಡೂ ಭಾಷೆಗಳು ಅಚ್ಚರಿಪಡುವಷ್ಟು ಸಮೀಪ ಬರುತ್ತವೆ. ‘ರೆಕ್ಕೆ ಇದ್ದಿದ್ದರೆ ಹಾರುತ್ತಿದ್ದೆ’ ಎಂಬಲ್ಲಿಯ ‘ಹಾರುತ್ತಿದ್ದೆ’ ನಡೆಯದ ಸಂಗತಿ. ‘ಚಿಕ್ಕವನಿದ್ದಾಗ ದಿನಾ ಕೆರೆಗೆ ಹಾರುತ್ತಿದ್ದೆ’ ಎಂಬಲ್ಲಿ ಅದೇ ರೂಪ ನಡೆದುಹೋದ ರೂಢಿಯನ್ನು ಹೇಳುತ್ತದೆ. ಇಂಗ್ಲಿಷಿನ ‘ವುಡ್’ ಕೂಡ ಇವೆರಡೂ ಕೆಲಸಗಳನ್ನು ಮಾಡುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳಲ್ಲಿ ರೂಢಿಗೂ ಕಲ್ಪನೆಗೂ ಒಂದೇ ರೂಪ ದಕ್ಕಿರುವುದು ವಿದ್ವಾಂಸರ ವಿವೇಚನೆಗೆ ಯೋಗ್ಯವಾದ ಸಂಗತಿ. ತರಗತಿಯಲ್ಲಿ ಇದನ್ನು ತೋರಿಸಿಕೊಟ್ಟರೆ ‘ವುಡ್’ ಎಂಬುದು ಕನ್ನಡದ ಮಗುವಿಗೆ ಹೊಸದಾಗಿ ಕಲಿಯಬೇಕಾದ ವಿಚಿತ್ರವಾಗಿ ಉಳಿಯುವುದಿಲ್ಲ.

ನಿಯಮಗಳ ಪಾಠವನ್ನೇ ಬದಿಗಿಟ್ಟು ನೋಡಿದ ಒಂದು ಪ್ರಯೋಗ ಕರ್ನಾಟಕದಲ್ಲಿಯೇ ನಡೆದಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿಸಿಕೊಂಡು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಈ ಪ್ರಯೋಗವನ್ನು ನಡೆಸಿದರು; ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಭಾಷಾಬೋಧನೆಯ ವಲಯದಲ್ಲಿ ಜಗತ್ತಿನೆಲ್ಲೆಡೆ ಪರಿಚಿತವಾಗಿದೆ. ಗಮನ ಅರ್ಥದ ಮೇಲಿದ್ದಾಗ ರೂಪ ತಾನಾಗಿ ಕೈಗೂಡುತ್ತದೆ ಎಂಬುದು ಅವರ ನಿಲುವು. ವ್ಯಾಕರಣದ ಪಾಠಪಟ್ಟಿ ಇರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕಾಶೆ, ಲೆಕ್ಕಾಚಾರಗಳಿದ್ದವು. ಈ ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂಬ ಬಗೆಯ ಪ್ರಶ್ನೆಗೆ ಷರತ್ತಿಲ್ಲದೆ ಉತ್ತರವಿಲ್ಲ. 1985ರಲ್ಲಿ ಬೆರೆಟಾ ಮತ್ತು ಡೇವಿಸ್ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ರಚನೆಗಳನ್ನು ಅಭ್ಯಾಸ ಮಾಡಿದ ಮಕ್ಕಳು ರಚನೆಗಳ ಪರೀಕ್ಷೆಯಲ್ಲಿಯೂ ಪ್ರಭು ಅವರ ತರಗತಿಯ ಮಕ್ಕಳು ತಾವು ಕಲಿತ ಬಗೆಗೆ ಹತ್ತಿರವಾದ ಪರೀಕ್ಷೆಯಲ್ಲಿಯೂ ಮುಂದಿದ್ದುದು ಕಂಡುಬಂತು.